ಪ್ರತಿ: ಬೆಳಿಗ್ಗೆ 80 ಇದ್ದ ಪಿಂಗ್ ರಾತ್ರಿ 250 ಏಕೆ?

ಆನ್‌ಲೈನ್ ಆಟದ ಸಿಂಗಾಪುರದ ಸರ್ವರ್‌ಗೆ ಬೆಳಿಗ್ಗೆ 80 ಮಿಲಿಸೆಕೆಂಡ್ ಇರುವ ಪಿಂಗ್ (ಸಂದೇಶ ಹೋಗಿ ಮರಳಿ ಬರುವ ಸಮಯ) ರಾತ್ರಿ 250 ಆಗುತ್ತಿದ್ದರೆ ತಪ್ಪು ದೂರದ್ದಲ್ಲ. ಕತ್ತಲಾದ ಮೇಲೆ ಮಣಿಪಾಲದಿಂದ ಸಿಂಗಾಪುರ ದೂರ ಸರಿಯುವುದಿಲ್ಲವಲ್ಲ! ಬಹುಶಃ ಮನೆಯ ವೈಫೈ, ಇಲ್ಲವೇ ರಾತ್ರಿಯ ಇಂಟರ್ನೆಟ್ ದಟ್ಟಣೆ.

ಮೊದಲು ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ. ಆಟ ತಡವರಿಸುವ ಹೊತ್ತಿನಲ್ಲೇ ರೌಟರ್‌ನ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1, ಪಿಂಗ್ ಮಾಡಿ. 1–2 ಮಿಲಿಸೆಕೆಂಡ್ ಬಂದರೆ ರೌಟರ್‌ವರೆಗಿನ ದಾರಿ ಸರಿಯಿದೆ. ಆಮೇಲೆ ಮನೆಯವರ ಮೊಬೈಲ್‌ಗಳ ಫೋಟೊ ಬ್ಯಾಕಪ್ ನಿಲ್ಲಿಸಿ ನೋಡಿ. ನಮ್ಮಲ್ಲಿ ಕಳ್ಳ ಅದೇ ಆಗಿತ್ತು: ಅಪ್‌ಲೋಡ್ ತುಂಬಿದರೆ ಆಟದ ಪ್ಯಾಕೆಟ್‌ಗಳು (ಡೇಟಾ ತುಣುಕುಗಳು) ಸಾಲಿನಲ್ಲಿ ಕಾಯುತ್ತವೆ.

ಅದಕ್ಕೂ ಬಗ್ಗದಿದ್ದರೆ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಟ್ರೇಸ್‌ರೂಟ್ (ಸರ್ವರ್‌ವರೆಗಿನ ದಾರಿಯ ಒಂದೊಂದು ಹಂತದ ಸಮಯವನ್ನೂ ಸಾಲುಸಾಲಾಗಿ ತೋರಿಸುವ ಪರೀಕ್ಷೆ) ತೆಗೆಯಿರಿ. ಸಂಖ್ಯೆ ಎಲ್ಲಿ ಜಿಗಿದು ಕೊನೆಯವರೆಗೂ ಇಳಿಯದೆ ಉಳಿಯುತ್ತದೆಯೋ ಆ ಸಾಲನ್ನು ಗುರುತಿಸಿ ಇಂಟರ್ನೆಟ್ ಕಂಪನಿಗೆ ಕಳುಹಿಸಿ. ವಿಪಿಎನ್ (ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಸೇವೆ) ದಾರಿ ಬದಲಿಸಬಹುದು, ದೂರವನ್ನು ಕುಗ್ಗಿಸಲಾರದು. ಹಣ ಕೊಡುವ ಮುನ್ನ ಉಚಿತ ಅವಧಿಯಲ್ಲಿ ರಾತ್ರಿ 9ಕ್ಕೇ ಪರೀಕ್ಷಿಸಿ.