ಟೀಚರ್‌ಗೊಂದು ಪತ್ರ: ಆ ಕರಪತ್ರದಲ್ಲಿ ರೋಸಾ ಪಾರ್ಕ್ಸ್ ಹೆಸರಿರಲಿಲ್ಲ

ಪ್ರಶ್ನೆ: ಟೀಚರ್, ನಮಸ್ಕಾರ. ಮಗಳು ಏಳನೇ ಕ್ಲಾಸು. ಶಾಲೆಯ ಭಾಷಣ ಸ್ಪರ್ಧೆಗೆ ಅಮೆರಿಕದ ರೋಸಾ ಪಾರ್ಕ್ಸ್ ಬಗ್ಗೆ ಒಂದು ಪುಟ ಬರೆದುಕೊಟ್ಟೆ. ‘ದುಡಿದು ದಣಿದಿದ್ದ ಕಪ್ಪು ಹೆಂಗಸೊಬ್ಬರು ಒಂದು ಸಂಜೆ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ. ಅದರಿಂದ ದೊಡ್ಡ ಚಳವಳಿಯೇ ಶುರುವಾಯಿತು’ ಅಂತ ಬರೆದಿದ್ದೆ. ಬಾಯಿಪಾಠ ಮಾಡುತ್ತಿದ್ದವಳು ನಡುವೆ ನಿಲ್ಲಿಸಿ ಕೇಳಿದಳು: ‘ಅಮ್ಮಾ, ಒಬ್ಬರು ಏಳದೆ ಕೂತರೆ ಇಡೀ ಊರು ಬಸ್ ಹತ್ತೋದು ಬಿಡುತ್ತಾ?’ ನನಗೆ ಉತ್ತರ ಹೊಳೆಯಲಿಲ್ಲ.
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಮೊದಲು ಮಗಳಿಗೆ ನನ್ನದೊಂದು ಶಹಬ್ಬಾಸ್ ಹೇಳಿ. 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ್ದೇನೆ. ಈ ಪ್ರಶ್ನೆಯನ್ನು ಒಂದು ಮಗುವೂ ಕೇಳಿರಲಿಲ್ಲ.

ಬಿಡುವುದಿಲ್ಲ ತಾಯಿ. ಒಬ್ಬರು ಏಳದೆ ಕೂತರೆ ಊರು ಬಸ್ ಬಿಡುವುದಿಲ್ಲ. ಅದಕ್ಕೆ ಸಾಕ್ಷಿ ಅದೇ ಊರಿನಲ್ಲಿದೆ.

ಅಲಬಾಮಾ ರಾಜ್ಯದ ಮಾಂಟ್‌ಗೋಮರಿ. ಅಲ್ಲಿನ ಬಸ್ಸುಗಳಲ್ಲಿ ಮುಂದಿನ ಹತ್ತು ಸೀಟು ಬಿಳಿಯರಿಗೆ ಮೀಸಲು. ಖಾಲಿಯಿದ್ದರೂ ಕಪ್ಪು ಜನ ಕೂರುವ ಹಾಗಿರಲಿಲ್ಲ. ಎಷ್ಟೋ ಸಲ ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಗೆ ಹೋಗಿ ಮತ್ತೆ ಹತ್ತಬೇಕು. ಅಷ್ಟರಲ್ಲಿ ಡ್ರೈವರ್ ಬಸ್ ಬಿಟ್ಟುಕೊಂಡು ಹೋದದ್ದೂ ಉಂಟು. 1955ರ ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಹುಡುಗಿ ಸೀಟು ಬಿಟ್ಟೇಳಲಿಲ್ಲ. ಪೊಲೀಸರು ಎಳೆದುಕೊಂಡು ಹೋಗಿ, ಕೈಗೆ ಬೇಡಿ ಹಾಕಿ, ದೊಡ್ಡವರ ಲಾಕಪ್ಪಿಗೆ ತಳ್ಳಿದರು. ಅಕ್ಟೋಬರಿನಲ್ಲಿ 18ರ ಮೇರಿ ಲೂಯಿಸ್ ಸ್ಮಿತ್ ಕೂಡ ಏಳಲಿಲ್ಲ. ಅವಳನ್ನೂ ಹಿಡಿದರು. ಆಗೆಲ್ಲ ಬಸ್ಸುಗಳು ಓಡುತ್ತಲೇ ಇದ್ದವು. ರೋಸಾ ಪಾರ್ಕ್ಸ್ ಅವರ ಬಂಧನ ಆದದ್ದು ಡಿಸೆಂಬರ್ 1, ಗುರುವಾರ. ನಾಲ್ಕೇ ದಿನಕ್ಕೆ, ಸೋಮವಾರ, ಬಸ್ಸುಗಳು ಖಾಲಿ!

ಈ ನಾಲ್ಕು ದಿನದಲ್ಲಿ ಏನಾಯಿತು? ಮಗಳಿಗೆ ಹೇಳಬೇಕಾದದ್ದು ಇದನ್ನೇ.

ಆ ಊರಿನ ಕಪ್ಪು ಜನರ ಕಾಲೇಜಿನಲ್ಲಿ ಜೋ ಆನ್ ರಾಬಿನ್ಸನ್ ಎಂಬ ಇಂಗ್ಲಿಷ್ ಮೇಡಂ ಇದ್ದರು. 1949ರಲ್ಲಿ ಊರಿಗೆ ಹೊಸಬರು. ಕ್ರಿಸ್‌ಮಸ್ ರಜೆಗೆ ಹೊರಟವರು ಬಹುತೇಕ ಖಾಲಿಯಿದ್ದ ಬಸ್ಸಿನಲ್ಲಿ ಗೊತ್ತಿಲ್ಲದೆ ಮುಂದೆ ಕೂತುಬಿಟ್ಟರು. ಡ್ರೈವರ್ ಕೈ ಎತ್ತಿಕೊಂಡು ಬಂದು ಕಿರುಚಿದ. ಅವರು ಅಳುತ್ತಾ ಇಳಿದು ಹೋದರು. ಅದೇ ಕಾಲೇಜಿನ ಮೇರಿ ಫೇರ್ ಬರ್ಕ್ಸ್ 1946ರಲ್ಲೇ ಮಹಿಳಾ ರಾಜಕೀಯ ಮಂಡಳಿ ಅಂತ ಒಂದು ಸಂಘ ಕಟ್ಟಿದ್ದರು. 1950ರಲ್ಲಿ ರಾಬಿನ್ಸನ್ ಅದರ ಅಧ್ಯಕ್ಷರಾದರು. 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರೆದರು. ನಿಮ್ಮ ಬಸ್ಸುಗಳಲ್ಲಿ ಮುಕ್ಕಾಲು ಪಾಲು ನಮ್ಮವರೇ, ನಾವು ಹತ್ತದಿದ್ದರೆ ಬಸ್ ಓಡುವುದಿಲ್ಲ ಎಂದು ಎಚ್ಚರಿಸಿದರು. ರೋಸಾ ಪಾರ್ಕ್ಸ್ ಸೀಟು ಬಿಡದೆ ಕೂತದ್ದು ಈ ಪತ್ರ ಹೋಗಿ ಒಂದೂವರೆ ವರ್ಷವಾದ ಮೇಲೆ.

ಆ ಗುರುವಾರ ಮಧ್ಯರಾತ್ರಿ ರಾಬಿನ್ಸನ್ ಕಾಲೇಜಿಗೆ ಹೋದರು. ಜೊತೆಗೆ ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು. ಸೈಕ್ಲೋಸ್ಟೈಲ್ ಮೆಷಿನ್ ಹೊರಗೆಳೆದರು. ಈ ಜಾಗಕ್ಕೆ ಬಂದಾಗ ನಾನು ಸ್ವಲ್ಪ ನಿಲ್ಲುತ್ತೇನೆ. ಆ ಮೆಷಿನ್ ನನಗೆ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದದ್ದು ಅದರಲ್ಲೇ. ರಿಬ್ಬನ್ ಇಲ್ಲದ ಟೈಪ್‌ರೈಟರಿನಲ್ಲಿ ಮೇಣದ ಸ್ಟೆನ್ಸಿಲ್ ಮೇಲೆ ಅಕ್ಷರ ಕೊರೆಯಬೇಕು. ಅದನ್ನು ಉರುಳೆಗೆ ಸುತ್ತಿ, ಮಸಿ ಹಾಕಿ, ಹಿಡಿಕೆ ತಿರುಗಿಸಬೇಕು. ಒಂದು ಸುತ್ತಿಗೆ ಒಂದು ಹಾಳೆ. ಇನ್ನೂರು ಹಾಳೆ ತೆಗೆಯುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಗುತ್ತಿತ್ತು. ಅವರು ಆ ರಾತ್ರಿ ತೆಗೆದದ್ದು, ಸೋಮವಾರ ಬಸ್ ಹತ್ತಬೇಡಿ ಅನ್ನುವ ಕರಪತ್ರ, ಕಡಿಮೆಯೆಂದರೂ 35 ಸಾವಿರ! ಒಂದು ಹಾಳೆಗೆ ಮೂರರಂತೆ ಕೊರೆದು, ಆಮೇಲೆ ಕತ್ತರಿಸಿದರು. ಲೆಕ್ಕ ಹಾಕಿ: ಹನ್ನೊಂದು ಸಾವಿರಕ್ಕೂ ಜಾಸ್ತಿ ಹಾಳೆ. ಬೆಳಗಿನ ಜಾವ ನಾಲ್ಕಕ್ಕೆ ಮುಗಿಯಿತು. ಎಂಟಕ್ಕೆ ಮೇಡಂ ಎಂದಿನಂತೆ ಕ್ಲಾಸು ತೆಗೆದುಕೊಂಡರು. ಅದು ಮುಗಿಸಿ ಕಾರಿನಲ್ಲಿ ಹಂಚುವುದಕ್ಕೆ ಹೊರಟರು. ಯಾವ ಬೀದಿಗೆ ಯಾರು ಅನ್ನುವುದು ಮಂಡಳಿಯ ಹೆಂಗಸರಿಗೆ ಮೊದಲೇ ಗೊತ್ತಿತ್ತು. ಶಾಲೆಯ ಮಕ್ಕಳ ಕೈಯಲ್ಲಿ ಮನೆಗಳಿಗೆ, ಅಂಗಡಿಗಳಿಗೆ, ಬ್ಯೂಟಿ ಪಾರ್ಲರುಗಳಿಗೆ ಕಟ್ಟುಗಟ್ಟಲೆ ಹೋದವು. ಕಾಲೇಜಿನ ಕಾಗದ ಬಳಸಿದ್ದಕ್ಕೆ ಆಮೇಲೆ ಮಂಡಳಿಯೇ ದುಡ್ಡು ಕಟ್ಟಿತು.

ಆ ಕರಪತ್ರದಲ್ಲಿ ರೋಸಾ ಪಾರ್ಕ್ಸ್ ಹೆಸರೇ ಇಲ್ಲ. ‘ಮತ್ತೊಬ್ಬ ಹೆಂಗಸನ್ನು ಬಂಧಿಸಿದ್ದಾರೆ’ ಎಂದು ಶುರುವಾಗುತ್ತದೆ. ಮತ್ತೊಬ್ಬ! ಅದರಲ್ಲಿರುವ ಹೆಸರು ಆ 15ರ ಹುಡುಗಿ ಕ್ಲಾಡೆಟ್ ಕಾಲ್ವಿನ್‌ಳದು. ಮುಂದಿನ ಮಾತನ್ನು ನಾನು ಕ್ಲಾಸಿನಲ್ಲಿ ಯಾವಾಗಲೂ ಎರಡು ಸಲ ಓದುತ್ತಿದ್ದೆ: ‘ಮುಂದಿನ ಸಲ ಅದು ನೀವೇ ಆಗಬಹುದು, ಇಲ್ಲವೇ ನಿಮ್ಮ ಮಗಳು, ನಿಮ್ಮ ತಾಯಿ.’

ರೋಸಾ ಪಾರ್ಕ್ಸ್ ‘ದಣಿದ ಹೆಂಗಸು’ ಅನ್ನುವುದನ್ನೂ ದಯವಿಟ್ಟು ತೆಗೆಸಿ. ಬಗ್ಗಿ ಬಗ್ಗಿ ದಣಿದಿದ್ದೆ, ಮತ್ತೇನೂ ದಣಿವಿರಲಿಲ್ಲ ಎಂದು ಅವರೇ ಹೇಳಿದ್ದಾರೆ. ಆಗ ಅವರಿಗೆ 42. ಕಪ್ಪು ಜನರ ಹಕ್ಕುಗಳ ಸಂಘದ ಊರ ಶಾಖೆಗೆ 1943ರಿಂದ ಕಾರ್ಯದರ್ಶಿಯಾಗಿದ್ದವರು. 1944ರಲ್ಲಿ ರೀಸಿ ಟೇಲರ್ ಎಂಬ ಕಪ್ಪು ಹೆಂಗಸಿನ ಮೇಲೆ ಬಿಳಿ ಗಂಡಸರು ಅತ್ಯಾಚಾರ ಮಾಡಿದಾಗ, ಬೇರೆ ಊರಿಗೆ ಹೋಗಿ ವಿವರ ಬರೆದುಕೊಂಡು ಬಂದವರು ಇವರೇ. ಆ ಸಂಘದ ಯುವಕರ ಗುಂಪನ್ನೂ ಇವರೇ ನೋಡಿಕೊಳ್ಳುತ್ತಿದ್ದರು. ಅದರಲ್ಲಿ ಕ್ಲಾಡೆಟ್ ಕೂಡ ಇದ್ದಳು.

ಆ ಹುಡುಗಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು? ಶಾಲೆಯಲ್ಲಿ ಆಗಷ್ಟೇ ಕಪ್ಪು ಜನರ ಇತಿಹಾಸದ ಪಾಠ ಆಗಿತ್ತು. ಗುಲಾಮರನ್ನು ಬಿಡಿಸಿ ಕರೆದೊಯ್ದ ಹ್ಯಾರಿಯೆಟ್ ಟಬ್‌ಮನ್ ಒಂದು ಭುಜವನ್ನು, ಸೊಜೋರ್ನರ್ ಟ್ರೂತ್ ಇನ್ನೊಂದು ಭುಜವನ್ನು ಅದುಮಿ ಹಿಡಿದಂತಿತ್ತು, ಏಳುವುದಕ್ಕೇ ಆಗಲಿಲ್ಲ ಅಂತ ಕಾಲ್ವಿನ್ ಮುಂದೆ ಹೇಳಿಕೊಂಡಿದ್ದಾರೆ. ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದ ಹೆಂಗಸರು. ಕ್ಲಾಡೆಟ್ ಬಸ್ ಹತ್ತುವ ಹೊತ್ತಿಗೆ ಇಬ್ಬರೂ ತೀರಿಹೋಗಿ ನಲವತ್ತು ವರ್ಷದ ಮೇಲಾಗಿತ್ತು. ಅವರನ್ನು ಅವಳ ಭುಜದ ಮೇಲೆ ತಂದು ಕೂರಿಸಿದ್ದು ಒಂದು ಕ್ಲಾಸ್‌ರೂಮು. ಟೀಚರ್ ಆದ ನನಗೆ ಇದನ್ನು ಹೇಳುವಾಗ ಇವತ್ತಿಗೂ ಕಣ್ಣು ತುಂಬುತ್ತದೆ.

ಒಂದು ಕಹಿಯನ್ನೂ ಹೇಳಬೇಕು. ಊರಿನ ಮುಖಂಡರು ಕಾಲ್ವಿನ್‌ಳ ಕೇಸನ್ನು ಮುಂದಿಟ್ಟು ಚಳವಳಿ ಹೂಡಲಿಲ್ಲ. ವಯಸ್ಸು ಚಿಕ್ಕದು, ಬಡವರ ಮಗಳು, ಆಮೇಲೆ ಮದುವೆಯಾಗದೆ ಬಸುರಿಯಾದಳು. ಜನರ ಮುಂದೆ ನಿಲ್ಲಿಸಲು ಬೇರೆ ಮುಖ ಬೇಕು ಅಂದುಕೊಂಡರು. ಆ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲು ಆಗುವುದಿಲ್ಲ. ಯಾಕೆಂದರೆ ಬಸ್ಸಿನ ಕಾನೂನು ಮುರಿದುಬಿದ್ದದ್ದು ರೋಸಾ ಪಾರ್ಕ್ಸ್ ಕೇಸಿನಿಂದಲ್ಲ. ಆರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಮತ್ತು ಇದೇ ಕ್ಲಾಡೆಟ್ ಕಾಲ್ವಿನ್, ಈ ನಾಲ್ವರು 1956ರಲ್ಲಿ ಹೂಡಿದ ಕೇಸಿನಿಂದ. ಕೋರ್ಟಿನಲ್ಲಿ ಎದುರು ಪಕ್ಷದವರು ನಿಮ್ಮ ನಾಯಕರು ಯಾರು ಎಂದು ಕೆದಕಿದಾಗ 16ರ ಆ ಹುಡುಗಿ, ನಮಗೆ ನಾವೇ ನಾಯಕರು ಅಂದಳು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅವರ ಗೆಲುವನ್ನು ಎತ್ತಿಹಿಡಿಯಿತು. ಜನ 381 ದಿನ ಬಸ್ ಬಿಟ್ಟಿದ್ದರು.

ಕಾಲ್ವಿನ್ ನ್ಯೂಯಾರ್ಕಿಗೆ ಹೋಗಿ ವೃದ್ಧಾಶ್ರಮದಲ್ಲಿ ದಶಕಗಟ್ಟಲೆ ನರ್ಸ್ ಸಹಾಯಕಿಯಾಗಿ ದುಡಿದರು. 15ನೇ ವಯಸ್ಸಿನ ಆ ಪೊಲೀಸ್ ದಾಖಲೆ ಅಳಿಸಿದ್ದು 2021ರಲ್ಲಿ, ಅವರಿಗೆ 82 ಆದಾಗ.

ಮಗಳು ಭಾಷಣವನ್ನು ‘ಮತ್ತೊಬ್ಬ ಹೆಂಗಸು’ ಅನ್ನುವುದರಿಂದ ಶುರು ಮಾಡಲಿ. ಬಹುಮಾನ ಬರಲಿ, ಬಿಡಲಿ, ನನಗೊಂದು ಪತ್ರ ಬರೆಯಲಿ.

ಪ್ರಶ್ನೆ: ಮೇಡಂ, ನಾನು ಪಿಯುಸಿ ಓದುತ್ತಿದ್ದೇನೆ. ಅಮೆರಿಕದ ಈ ಕಥೆಗಳಿಗೂ ನಮ್ಮ ಕಡೆಯವರಿಗೂ ಏನಾದರೂ ನಂಟು ಇದೆಯಾ?
— ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಇದೆಯಮ್ಮಾ, ನಿಮ್ಮೂರಿನದೇ! ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಅಮೆರಿಕದಲ್ಲಿದ್ದರು. ದಕ್ಷಿಣದ ರಾಜ್ಯಗಳಲ್ಲಿ ರೈಲು ಹತ್ತಿ ಬಿಳಿಯರ ಬೋಗಿಯಲ್ಲಿ ಕೂತರು. ಟಿಕೆಟ್ ಕಲೆಕ್ಟರ್ ಬಂದು ಎದ್ದು ಹೋಗಿ ಅಂದ. ಇವರು ಏಳಲಿಲ್ಲ. ಆಮೇಲೆ ಇವರು ಅಲ್ಲಿನವರಲ್ಲ ಅನ್ನಿಸಿರಬೇಕು, ಎಲ್ಲಿಂದ ಬಂದಿರಿ ಎಂದು ಕೇಳಿದ. ‘ನ್ಯೂಯಾರ್ಕಿನಿಂದ’ ಅಂದರು. ಅದಲ್ಲ, ಯಾವ ದೇಶದವರು ಅಂದ. ಇಂಡಿಯಾ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹಾಗೆ ಹೇಳಲಿಲ್ಲ. ಅದರಿಂದ ಏನೂ ವ್ಯತ್ಯಾಸವಿಲ್ಲ, ನಾನು ಬಿಳಿಯಳಲ್ಲದ ಹೆಂಗಸು, ಅದು ಕಣ್ಣಿಗೇ ಕಾಣುತ್ತಿದೆ, ಸುಮ್ಮನೆ ನನಗೆ ತೊಂದರೆ ಕೊಡಬೇಡಿ, ನಾನಿಲ್ಲಿಂದ ಏಳುವುದಿಲ್ಲ ಎಂದರು. ಅವನು ಏನೋ ಗೊಣಗಿಕೊಂಡು ಹೋದ. ಪರದೇಶದವರು ಅಂತ ತನಗೊಬ್ಬಳಿಗೇ ಸಿಗುವ ರಿಯಾಯಿತಿ ಅವರಿಗೆ ಬೇಡವಾಗಿತ್ತು. ನನಗೆ ಅವರ ಮೇಲಿರುವ ಗೌರವದಲ್ಲಿ ಅರ್ಧ ಪಾಲು ಈ ಒಂದು ಉತ್ತರಕ್ಕೆ.

ಹಿಂದಿನ ವರ್ಷ, ಅಂದರೆ 1940ರಲ್ಲಿ, ವರ್ಜೀನಿಯಾದಲ್ಲಿ ಬಸ್ಸಿನ ಸೀಟಿನ ವಿಷಯಕ್ಕೇ ಪೌಲಿ ಮರ್ರಿ ಎಂಬ ಕಪ್ಪು ಯುವತಿಯ ಬಂಧನವಾಗಿತ್ತು. ಅವರು ಗಾಂಧೀಜಿಯ ಸತ್ಯಾಗ್ರಹದ ಬಗ್ಗೆ ಓದಿಕೊಂಡಿದ್ದವರು. ಮುಂದೆ ದೊಡ್ಡ ವಕೀಲರಾದರು. ಅವರ ಬಗ್ಗೆ ಹುಡುಕಿ ಓದು, ಬಿಡಬೇಡ.

ಪ್ರಶ್ನೆ: ಟೀಚರ್, ನಾನು ಖಾನಾವಳಿ ನಡೆಸುವಾಕಿ. ಓದಿದ್ದು ನಾಲ್ಕನೇತ್ತ. ನೀವು ಬರೆಯೋ ಹೋರಾಟಗಾರ್ತಿಯರೆಲ್ಲ ಕಲಿತವರು. ಒಲೆ ಮುಂದೆ ನಿಂತವರು ಯಾರೂ ಇರಲಿಲ್ಲೇನ್ರಿ?
— ಓದುಗರು, ಧಾರವಾಡ

ಉತ್ತರ: ಇದ್ದರು ಅಕ್ಕಾ. ಅವರಿಲ್ಲದಿದ್ದರೆ 381 ದಿನ ನಡೆಯುತ್ತಲೇ ಇರಲಿಲ್ಲ.

ಅದೇ ಮಾಂಟ್‌ಗೋಮರಿಯಲ್ಲಿ ಜಾರ್ಜಿಯಾ ಗಿಲ್ಮೋರ್ ಅಂತ ಇದ್ದರು. ಹೋಟೆಲೊಂದರಲ್ಲಿ ಅಡುಗೆಯವರು. ಸೂಲಗಿತ್ತಿಯೂ ಹೌದು. ಬಸ್ ಬಿಟ್ಟ ಜನರನ್ನು ಕೆಲಸಕ್ಕೆ ಕರೆದೊಯ್ಯಲು ಕಾರುಗಳು ಬೇಕು, ಪೆಟ್ರೋಲ್ ಬೇಕು, ರಿಪೇರಿ ಬೇಕು. ದುಡ್ಡು ಎಲ್ಲಿಂದ ತರುವುದು? ಗಿಲ್ಮೋರ್ ಕೆಲವು ಹೆಂಗಸರನ್ನು ಸೇರಿಸಿಕೊಂಡು ಕೋಳಿ ಕರಿದರು, ಸ್ಯಾಂಡ್‌ವಿಚ್ ಕಟ್ಟಿದರು, ಕೇಕು ಮಾಡಿ ಮಾರಿದರು. ಬಂದ ದುಡ್ಡನ್ನು ವಾರದ ಸಭೆಯಲ್ಲಿ ತಂದು ಸುರಿದರು. ಎಲ್ಲಿಂದ ಬಂತು ಅಂದರೆ, ‘ಎಲ್ಲಿಂದಲೂ ಇಲ್ಲ.’ ಗುಂಪಿನ ಹೆಸರೂ ಅದೇ ಆಯಿತು: ‘ಎಲ್ಲಿಂದಲೂ ಬಾರದವರ ಸಂಘ’. ಹೆಸರು ಮುಚ್ಚಿಟ್ಟದ್ದಕ್ಕೆ ಕಾರಣ ಇತ್ತು. ಅಡುಗೆ ಮಾಡಿದವರು, ಕೊಂಡವರು ತುಂಬ ಮಂದಿ ಬಿಳಿಯರ ಮನೆಯ ಕೆಲಸದವರು. ಗೊತ್ತಾದರೆ ಕೆಲಸ ಹೋಗುತ್ತದೆ.

ಗಿಲ್ಮೋರ್ ಕೆಲಸವಂತೂ ಹೋಯಿತು. 1956ರಲ್ಲಿ ಈ ಬಸ್ ಚಳವಳಿಯ ಮುಖಂಡ ಮಾರ್ಟಿನ್ ಲೂಥರ್ ಕಿಂಗ್ ಮೇಲಿನ ಕೇಸಿನಲ್ಲಿ ಸಾಕ್ಷಿ ಹೇಳಿದರು. ಡ್ರೈವರ್ ತನ್ನಿಂದ ದುಡ್ಡು ತೆಗೆದುಕೊಂಡು, ಹಿಂದಿನ ಬಾಗಿಲಿಗೆ ಹೋಗುವಷ್ಟರಲ್ಲಿ ಬಸ್ ಬಿಟ್ಟುಕೊಂಡು ಹೋದದ್ದನ್ನು ಕೋರ್ಟಿನಲ್ಲಿ ಬಿಡಿಸಿ ಹೇಳಿದರು. ಹೋಟೆಲಿನವರು ತೆಗೆದುಹಾಕಿದರು. ನಿನ್ನ ಮನೆಯಲ್ಲೇ ಯಾಕೆ ಅಡುಗೆ ಮಾಡಬಾರದು ಅಂತ ಕಿಂಗ್ ಹುರಿದುಂಬಿಸಿ, ಪಾತ್ರೆಪಡಗಕ್ಕೆ ನೆರವಾದರು. ಆಮೇಲೆ ಅವರ ಮನೆಯೇ ಖಾನಾವಳಿ. ಕಿಂಗ್ ಅವರೂ ಅಲ್ಲೇ ಉಣ್ಣುತ್ತಿದ್ದರು, ಗುಟ್ಟಿನ ಮಾತುಕತೆಯೂ ಅಲ್ಲೇ. ನಿಮ್ಮ ಕಸುಬಿನವರೇ ಅಲ್ವಾ?

ಕಲಿಯದವರ ಮಾತು ಎತ್ತಿದಿರಿ, ಅದಕ್ಕೆ ಇನ್ನೊಂದು ಹೆಸರು: ಸೆಪ್ಟಿಮಾ ಕ್ಲಾರ್ಕ್. ಅವರ ಅಪ್ಪ ಗುಲಾಮರಾಗಿ ಹುಟ್ಟಿದವರು, ಅಮ್ಮ ಬಟ್ಟೆ ಒಗೆದು ಸಂಸಾರ ತೂಗಿಸಿದವರು. ಕ್ಲಾರ್ಕ್ ಟೀಚರಾದರು. ಹಕ್ಕುಗಳ ಸಂಘ ಬಿಡುವುದಿಲ್ಲ ಅಂದದ್ದಕ್ಕೆ 1956ರಲ್ಲಿ ಕೆಲಸವೂ ಹೋಯಿತು, ನಲವತ್ತು ವರ್ಷದ ಪಿಂಚಣಿಯೂ ಹೋಯಿತು. ಅದರ ಹಿಂದಿನ ಬೇಸಿಗೆಯಲ್ಲಿ, ಟೆನ್ನೆಸ್ಸಿಯ ಹೈಲ್ಯಾಂಡರ್ ಎಂಬ ಶಾಲೆಯ ಶಿಬಿರದಲ್ಲಿ, ರೋಸಾ ಪಾರ್ಕ್ಸ್ ಇವರ ಹತ್ತಿರ ಕಲಿತಿದ್ದರು. ನಾಲ್ಕು ತಿಂಗಳ ನಂತರವೇ ಆ ಬಸ್ಸಿನ ಸಂಜೆ.

ಆಗ ದಕ್ಷಿಣ ಕೆರೊಲಿನಾದಲ್ಲಿ ಓಟು ಬೇಕೆಂದರೆ ಕಾನೂನಿನ ಪುಸ್ತಕ ಓದಿ ತೋರಿಸಬೇಕಿತ್ತು. 1957ರ ಜನವರಿಯಲ್ಲಿ ಜಾನ್ಸ್ ಐಲ್ಯಾಂಡ್ ಎಂಬಲ್ಲಿ, ಅಂಗಡಿಯ ಹಿಂದಿನ ಕೋಣೆಯಲ್ಲಿ, ಕ್ಲಾರ್ಕ್ ದೊಡ್ಡವರಿಗೆ ರಾತ್ರಿ ಶಾಲೆ ತೆರೆಸಿದರು. ಕಲಿಸಲು ಹುಡುಕಿದ್ದು ಕೂದಲು ಬಾಚಿ ಕಟ್ಟುವ ಕಸುಬಿನ ತಮ್ಮ ಸಂಬಂಧಿ ಬರ್ನಿಸ್ ರಾಬಿನ್ಸನ್ ಅವರನ್ನು. ಪಾರ್ಲರಿಗೆ ಬರುವವರೆಲ್ಲ ಕಪ್ಪು ಹೆಂಗಸರೇ. ಹಾಗಾಗಿ ಬಿಳಿಯರು ಯಾರೂ ಅವರನ್ನು ಕೆಲಸದಿಂದ ತೆಗೆಯುವ ಹಾಗಿರಲಿಲ್ಲ! ಮೊದಲ ದಿನವೇ ಅವರು, ನಾನು ಟೀಚರ್ ಅಲ್ಲ, ಎಲ್ಲರೂ ಸೇರಿ ಕಲಿಯೋಣ ಅಂದರು. ನಿಮಗೆ ಏನು ಬೇಕು ಎಂದು ಕೇಳಿದರು. ನನ್ನ ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿಆರ್ಡರ್ ಫಾರಂ ತುಂಬಬೇಕು. ಅದೇ ಪಾಠವಾಯಿತು. 65 ದಾಟಿದ ಒಬ್ಬ ಅಜ್ಜಿ ಬೋರ್ಡಿನ ಮೇಲಿದ್ದ ಹೆಸರುಗಳಲ್ಲಿ ತನ್ನದನ್ನು ಗುರುತು ಹಿಡಿದರಂತೆ. ಸಾಕ್ಷರತೆ ಆಂದೋಲನದ ಕಾಲಕ್ಕೆ ನಾನೂ ಲಾಂದ್ರದ ಬೆಳಕಲ್ಲಿ ಅಂಥ ಕ್ಲಾಸು ತೆಗೆದುಕೊಂಡಿದ್ದೇನೆ. ಹೆಬ್ಬೆಟ್ಟು ಬಿಟ್ಟು ಮೊದಲ ಸಹಿ ಹಾಕಿದವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು.

ಆ ಶಾಲೆಗಳು ದಕ್ಷಿಣದ ರಾಜ್ಯಗಳಿಗೆಲ್ಲ ಹರಡಿದವು. ಮಿಸಿಸಿಪ್ಪಿಯ ಹತ್ತಿ ಹೊಲದ ಕೂಲಿ ಫ್ಯಾನಿ ಲೂ ಹೇಮರ್, ಇಪ್ಪತ್ತು ಮಕ್ಕಳಲ್ಲಿ ಕೊನೆಯವರು, ಇದೇ ತರಬೇತಿ ಮುಗಿಸಿ ಬರುವಾಗ 1963ರಲ್ಲಿ ಪೊಲೀಸರು ಅವರನ್ನು ಹಿಡಿದು ಜೈಲಿನಲ್ಲಿ ಹೊಡೆಸಿದರು. ಆ ಪೆಟ್ಟು ಸಾಯುವವರೆಗೂ ಅವರನ್ನು ಬಿಡಲಿಲ್ಲ. ಅವರೇ 1969ರ ಹೊತ್ತಿಗೆ ಬಡವರಿಗೆ ಜಮೀನು ಕೊಂಡು, ಹಂದಿ ಬ್ಯಾಂಕ್ ತೆರೆದರು. ನಮ್ಮ ಕಡೆ ಆಡು ಕುರಿ ಪಾಲಿಗೆ ಕೊಡುವುದಿಲ್ಲವೇ, ಸುಮಾರು ಹಾಗೇ. ಹೆಣ್ಣು ಹಂದಿ ಒಯ್ದು ಸಾಕು, ಮರಿಯಾದ ಮೇಲೆ ಬ್ಯಾಂಕಿನ ಪಾಲು ತಂದುಕೊಡು.

ಗಿಲ್ಮೋರ್ ಕಥೆ ಅರ್ಧಕ್ಕೆ ಬಿಟ್ಟೆ. 1965ರಲ್ಲಿ ಓಟಿನ ಹಕ್ಕಿಗಾಗಿ ಸೆಲ್ಮಾದಿಂದ ಮಾಂಟ್‌ಗೋಮರಿಗೆ ಜನ ನಡೆದು ಬಂದಿದ್ದರು. 1990ರ ಮಾರ್ಚಿನಲ್ಲಿ ಅದಕ್ಕೆ 25 ವರ್ಷ ತುಂಬಿತು. ಅದರ ನೆನಪಿಗೆ ಮತ್ತೆ ನಡೆದು ಬರುವವರಿಗೆಂದು ಗಿಲ್ಮೋರ್ ಬೆಳಿಗ್ಗೆ ಬೇಗನೆ ಎದ್ದು ಅಡುಗೆಗೆ ನಿಂತರು. ಕೋಳಿ, ಚೀಸ್ ಹಾಕಿದ ಮ್ಯಾಕರೋನಿ. ಆ ದಿನವೇ ತೀರಿಹೋದರು. ಅವರು ಮಾಡಿಟ್ಟಿದ್ದ ಅಡುಗೆಯನ್ನು ಮನೆಯವರು, ಸಾವಿಗೆ ಬಂದವರಿಗೆ ಬಡಿಸಿದರು.