ಎನ್‌ಪಿ-ಫೈಕಾಲ್ (ಎನ್‌ಪಿ ಎಂಬ ಪುಟ್ಟ ಅಣುವನ್ನು ಫೈಕಾಲ್ ಎಂಬ ಪಾಲಿಸ್ಯಾಕರೈಡ್‌ಗೆ, ಅಂದರೆ ಸಕ್ಕರೆಯ ಸರಪಳಿಗೆ, ಅಂಟಿಸಿದ ವಸ್ತು) ಎರಡನೇ ಸಲ ಕೊಟ್ಟರೂ ಪ್ರತಿಕಾಯ ಏರಲಿಲ್ಲ. ಇಲಿಗೆ ನೆನಪೇ ಉಳಿದಿಲ್ಲವೇ?

ಅಷ್ಟು ಬೇಗ ಹಾಗೆ ತೀರ್ಮಾನಿಸಬೇಡಿ. ಎನ್‌ಪಿ-ಫೈಕಾಲ್‌ನಂತೆ ಟಿ ಕೋಶದ ನೆರವಿಲ್ಲದೆಯೇ ಪ್ರತಿಕಾಯ ಹುಟ್ಟಿಸುವ ಆಂಟಿಜೆನ್‌ಗಳಲ್ಲಿ ನೆನಪು ಇದ್ದರೂ ಬೂಸ್ಟರ್‌ಗೆ ಕಾಣದೇ ಹೋಗಬಹುದು. ಮೊದಲ ಚುಚ್ಚುಮದ್ದಿನಿಂದ ಹುಟ್ಟಿದ ಐಜಿಜಿ ಬಗೆಯ ಪ್ರತಿಕಾಯ ಇನ್ನೂ ರಕ್ತದಲ್ಲಿರುತ್ತದೆ, ಹೊಸ ಎನ್‌ಪಿ-ಫೈಕಾಲ್ ಬಂದರೆ ಅದನ್ನು ಹಿಡಿದು ಮುಚ್ಚಿಬಿಡುತ್ತದೆ. ಪ್ರತಿಕಾಯ ತಯಾರಿಸಬೇಕಾದ ಬಿ ಕೋಶದವರೆಗೆ ಸುದ್ದಿಯೇ ಹೋಗುವುದಿಲ್ಲ. 2006ರಲ್ಲಿ ಸಂಶೋಧಕರಾದ ಒಬುಖಾನಿಚ್ ಮತ್ತು ನುಸ್ಸೆನ್ಸ್‌ವೈಗ್ ಇದನ್ನು ತೋರಿಸಿದರು.

ಹಾಗಾಗಿ ಕೋಶವನ್ನು ಸೀರಮ್‌ನಿಂದ (ಪ್ರತಿಕಾಯವಿರುವ ರಕ್ತದ ದ್ರವಭಾಗದಿಂದ) ಬೇರ್ಪಡಿಸಿ ನೋಡಬೇಕು. ನಾನಾದರೆ ಹೀಗೆ ಮಾಡುತ್ತೇನೆ: 25 ಮೈಕ್ರೋಗ್ರಾಂ ಎನ್‌ಪಿ-ಫೈಕಾಲನ್ನು ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ, ಪ್ರತಿಕ್ರಿಯೆ ಹೆಚ್ಚಿಸುವ ಆಲಮ್ ಇಲ್ಲದೆ, ಹೊಟ್ಟೆಯ ಕುಹರಕ್ಕೆ ಕೊಡುವುದು. ಎಂಟು ವಾರ ಬಿಟ್ಟು ಗುಲ್ಮದ ಕೋಶ ತೆಗೆದು, ಚೆನ್ನಾಗಿ ತೊಳೆದು, ಒಂದು ಕೋಟಿಯಷ್ಟನ್ನು ರ‍್ಯಾಗ್1 ಜೀನ್ ಕೊರತೆಯ (ಸ್ವಂತ ಬಿ, ಟಿ ಕೋಶಗಳಿಲ್ಲದ) ಇಲಿಯ ರಕ್ತನಾಳಕ್ಕೆ ಸೇರಿಸುವುದು. ಮರುದಿನ ಅದೇ ಆಂಟಿಜೆನ್. 5 ಮತ್ತು 7ನೇ ದಿನದ ರಕ್ತದಲ್ಲಿ ಐಜಿಎಂ, ಐಜಿಜಿ3 ಎಂಬ ಎರಡು ಬಗೆಯ ಪ್ರತಿಕಾಯಗಳನ್ನೂ ಎಲೈಸಾ ಪರೀಕ್ಷೆಯಲ್ಲಿ ಅಳೆಯಬೇಕು. ಎಲೈಸಾ ತಟ್ಟೆಗೆ ಎನ್‌ಪಿ-ಬಿಎಸ್‌ಎ (ಬಿಎಸ್‌ಎ ಪ್ರೋಟೀನ್‌ಗೆ ಅಂಟಿಸಿದ ಎನ್‌ಪಿ) ಲೇಪಿಸಿ. ಫೈಕಾಲನ್ನೇ ಲೇಪಿಸಲು ಹೋದರೆ ಸರಿಯಾಗಿ ಅಂಟುವುದಿಲ್ಲ.

ಹೆಚ್ಚಿನವರು ಎಡವುವುದು ಕೋಶ ಶುದ್ಧೀಕರಣದಲ್ಲಿ. ಬಿ ಕೋಶ ಬೇರ್ಪಡಿಸಲು ಸಿಡಿ43 ಮಣಿ (ಮೈಮೇಲೆ ಸಿಡಿ43 ಪ್ರೋಟೀನ್ ಇರುವ ಕೋಶಗಳನ್ನು ಹಿಡಿದು ತೆಗೆಯುವ ಕಾಂತೀಯ ಮಣಿ) ಬಳಸಿದರೆ ಬಿ ಕೋಶಗಳದೇ ಒಂದು ಬಗೆಯಾದ ಬಿ-1ಬಿ ಕೋಶಗಳೂ ಹೊರಟುಹೋಗುತ್ತವೆ, ಏಕೆಂದರೆ ಅವುಗಳ ಮೈಮೇಲೂ ಸಿಡಿ43 ಇದೆ. ಬೊರೆಲಿಯಾ ಹರ್ಮ್ಸಿಯೈ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಎದುರು ಇಲಿಯಲ್ಲಿ ನೆನಪು ಹೊತ್ತಿದ್ದು ಇವೇ ಕೋಶಗಳು! ಬದಲಿಗೆ ಸಿಡಿ90 ಮಣಿಯಿಂದ ಟಿ ಕೋಶ, ಸಿಡಿ138 ಮಣಿಯಿಂದ ಪ್ಲಾಸ್ಮಾ ಕೋಶ (ಪ್ರತಿಕಾಯ ಸ್ರವಿಸುತ್ತಿರುವ ಕೋಶ) ತೆಗೆಯಿರಿ. ಹೊಟ್ಟೆಯ ಕುಹರ ತೊಳೆದ ದ್ರವವನ್ನೂ ಚೆಲ್ಲಬೇಡಿ, ಬಿ-1ಬಿ ಅಲ್ಲೇ ಹೆಚ್ಚು.

ಎರಡು ಹೋಲಿಕೆ ಗುಂಪು ಬೇಕೇ ಬೇಕು. ಚುಚ್ಚುಮದ್ದು ಕಾಣದ ಇಲಿಯ ಕೋಶ ಪಡೆದದ್ದು ಒಂದು. ಅನುಭವಿ ಕೋಶ ಪಡೆದು ಆಂಟಿಜೆನ್ ಪಡೆಯದೇ ಇರುವುದು ಇನ್ನೊಂದು. ಈ ಎರಡನೇ ಗುಂಪಿನಲ್ಲೂ ಟೈಟರ್ (ಪ್ರತಿಕಾಯದ ಮಟ್ಟ) ಏರಿದರೆ ಅದು ನೆನಪಲ್ಲ. ಉಳಿದುಕೊಂಡ ಪ್ಲಾಸ್ಮಾ ಕೋಶ ಸುಮ್ಮನೆ ಸ್ರವಿಸುತ್ತಿದೆ, ಇಲ್ಲವೇ ಕೋಶದ ಜೊತೆ ಹಳೆಯ ಫೈಕಾಲ್ ಬಂದಿದೆ. ಇಲಿಯ ದೇಹ ಇಂಥ ಪಾಲಿಸ್ಯಾಕರೈಡನ್ನು ಬೇಗ ಕರಗಿಸಲಾರದು.

ಎನ್‌ಪಿ-ಫೈಕಾಲ್‌ನಲ್ಲಿ ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಕವಚದ ವಸ್ತು) ಬೆರೆತಿದೆಯೇ ಎಂಬ ಸಂಶಯವಿದ್ದರೆ ಸಿಬಿಎ/ಎನ್ ತಳಿಯ ಇಲಿಗೆ ಕೊಟ್ಟು ನೋಡಿ. ಬಿಟಿಕೆ ಎಂಬ ಜೀನ್‌ನ ದೋಷದಿಂದಾಗಿ ಅದು ಫೈಕಾಲ್‌ಗೆ ಓಗೊಡುವುದಿಲ್ಲ. ಅಲ್ಲೂ ಪ್ರತಿಕಾಯ ಹುಟ್ಟಿದರೆ ಆ ಬ್ಯಾಚ್ ಬದಿಗಿಡಿ.