ಪ್ರೀಕಾಸ್ಟ್ ಸ್ಲ್ಯಾಬ್‌ನ ಸ್ಟಡ್ ಟೆಸ್ಟ್: 1000 ಕಿಲೋನ್ಯೂಟನ್ ಯುಟಿಎಂ ಸಾಲುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ಎಂ.ಟೆಕ್ ಪ್ರಾಜೆಕ್ಟಿಗೆ ಉಕ್ಕಿನ ಬೀಮ್ ಮತ್ತು ಪ್ರೀಕಾಸ್ಟ್ (ಮೊದಲೇ ಎರಕ ಹೊಯ್ದ) ಸ್ಲ್ಯಾಬ್ ನಡುವಿನ ಶಿಯರ್ ಸ್ಟಡ್ (ಎರಡೂ ಒಂದರ ಮೇಲೊಂದು ಜಾರದಂತೆ ಬೀಮಿಗೆ ವೆಲ್ಡ್ ಮಾಡುವ ಉಕ್ಕಿನ ಗೂಟ) ಟೆಸ್ಟ್ ಮಾಡಬೇಕು. ಒಂದು ಸ್ಪೆಸಿಮೆನ್ (ಪರೀಕ್ಷೆಯ ಮಾದರಿ) ಸಾಕಾ, ಕಾಲೇಜಿನ 1000 ಕಿಲೋನ್ಯೂಟನ್ ಯುಟಿಎಂ (ಒತ್ತಿ, ಎಳೆದು ಬಲ ಅಳೆಯುವ ಯೂನಿವರ್ಸಲ್ ಟೆಸ್ಟಿಂಗ್ ಮೆಷಿನ್) ನಡೆಯುತ್ತಾ? ನಾನು ಇದೇ ಟೆಸ್ಟ್ ಮಾಡಿ ಕೈ ಸುಟ್ಟುಕೊಂಡವನು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಯುಟಿಎಂ ವಿಷಯ. ಯೂರೋಕೋಡ್ 4ರ (ಉಕ್ಕು-ಕಾಂಕ್ರೀಟ್ ಕೂಡಿದ ರಚನೆಗಳಿಗೆ ಯುರೋಪಿನ ಕೋಡ್) ಪುಶ್-ಔಟ್ ಟೆಸ್ಟಿನಲ್ಲಿ ಮಧ್ಯೆ ಒಂದು ಐ-ಸೆಕ್ಷನ್ ನೆಟ್ಟಗೆ ನಿಂತಿರುತ್ತದೆ. ಅದರ ಎರಡು ಫ್ಲ್ಯಾಂಜಿಗೆ (ಬದಿಯ ಅಗಲ ಪಟ್ಟಿಗೆ) ಒಂದೊಂದು ಸ್ಲ್ಯಾಬ್: 650 ಎತ್ತರ, 600 ಅಗಲ, 150 ಮಿ.ಮೀ. ದಪ್ಪ. ಸ್ಲ್ಯಾಬಿಗೆ ನಾಲ್ಕರಂತೆ ಒಟ್ಟು ಎಂಟು ಸ್ಟಡ್. ಉಕ್ಕನ್ನು ಮೇಲಿನಿಂದ ಒತ್ತುತ್ತೀರಿ, ಸ್ಲ್ಯಾಬ್‌ಗಳು ಕೆಳಗೆ ಕೂತಿರುತ್ತವೆ. 19 ಮಿ.ಮೀ. ಸ್ಟಡ್, 450 ಎಂಪಿಎ ಎಳೆತದ ಬಲದ ಉಕ್ಕು ಅಂದರೆ ಕೋಡ್ ಸೂತ್ರದಲ್ಲಿ, ಸುರಕ್ಷತೆಯ ಭಾಗಾಂಶ ಸೇರಿಸದೆ, ಒಂದಕ್ಕೆ ಸುಮಾರು 102 ಕಿಲೋನ್ಯೂಟನ್, ಎಂಟಕ್ಕೆ 816. ಮೆಷಿನ್ ಸಾಕು ಅನಿಸುತ್ತದೆ, ಅಲ್ವಾ? ಆದರೆ ನಿಜವಾದ ಸ್ಟಡ್ ಸೂತ್ರಕ್ಕಿಂತ ಜಾಸ್ತಿ ತಡೆಯಬಹುದು. ಉಕ್ಕು 500 ಎಂಪಿಎ ಬಂದು, ಸ್ಟಡ್ ತನ್ನ ಪೂರ್ತಿ ಬಲ ತೋರಿಸಿದರೆ ಎಂಟಕ್ಕೆ 1100 ದಾಟುತ್ತದೆ. ಆಗ ಮೆಷಿನ್ ಕೈಕೊಡುತ್ತದೆ, ಸ್ಟಡ್ ನಗುತ್ತಾ ಕೂತಿರುತ್ತದೆ. ಸ್ಲ್ಯಾಬಿಗೆ ಎರಡೇ ಸ್ಟಡ್ ಇಡಿ. ಅಳತೆ ಬದಲಿಸಿದ್ದನ್ನು ರಿಪೋರ್ಟಿನಲ್ಲಿ ಹೇಳಿಬಿಡಿ, ಅದೇನು ಅಪರಾಧವಲ್ಲ. ಹಾಗೇ ಸ್ಪೆಸಿಮೆನ್ ಎತ್ತರ ಮೆಷಿನ್‌ನೊಳಗೆ ಹಿಡಿಸುತ್ತಾ ಅಂತ ಟೇಪ್ ಹಿಡಿದು ನೋಡಿ.

ಈಗ ಅಸಲು ಮಾತು. ಪ್ರೀಕಾಸ್ಟ್‌ನಲ್ಲಿ ನೀವು ಟೆಸ್ಟ್ ಮಾಡುತ್ತಿರುವುದು ಸ್ಟಡ್ ಒಂದನ್ನೇ ಅಲ್ಲ, ಪಾಕೆಟ್‌ನಲ್ಲಿ (ಸ್ಟಡ್ ಕೂರಲು ಸ್ಲ್ಯಾಬಿನಲ್ಲಿ ಬಿಟ್ಟ ಕಿಂಡಿ) ತುಂಬಿದ ಗ್ರೌಟನ್ನೂ (ಹರಿಯುವಂಥ ಸಿಮೆಂಟ್ ಗಾರೆ). ಇದು ನನಗೆ ತಡವಾಗಿ ಹೊಳೆಯಿತು. ಸೈಟಿನಲ್ಲಿ ಸ್ಲ್ಯಾಬ್ ಅಡ್ಡ ಮಲಗಿರುತ್ತದೆ, ಗ್ರೌಟ್ ಮೇಲಿನಿಂದ ಇಳಿಯುತ್ತದೆ. ಸ್ಪೆಸಿಮೆನ್ನೂ ಹಾಗೇ ಆಗಬೇಕು. ನಾನು ಒಂದು ಕಡೆ ಗ್ರೌಟ್ ತುಂಬಿದೆ, ಎರಡು ದಿನ ಬಿಟ್ಟು ಮಗುಚಿ ಇನ್ನೊಂದು ಕಡೆ ತುಂಬಿದೆ. ಟೆಸ್ಟ್ ದಿನ ಎಳೆಯ ಗ್ರೌಟಿನ ಕಡೆ ಮೊದಲು ಜಾರತೊಡಗಿತು. ಇಡೀ ಸ್ಪೆಸಿಮೆನ್ ಓರೆಯಾಗಿ, ಸ್ಲ್ಯಾಬಿನ ಮೂಲೆಯೊಂದು ಚಕ್ಕೆ ಎದ್ದುಹೋಯಿತು. ಮೂರು ವಾರದ ಕೆಲಸ ನೀರುಪಾಲು. ಆಮೇಲೆ ನಮ್ಮ ಲ್ಯಾಬಿನ ಹಿರಿಯ ಮೆಕ್ಯಾನಿಕ್ ಒಬ್ಬರು, "ಸೆಕ್ಷನ್ನನ್ನು ಉದ್ದಕ್ಕೆ ಸೀಳಿ ಎರಡು ಟಿ ಮಾಡಿಕೊಳ್ಳಿ ಸಾರ್, ಎರಡಕ್ಕೂ ಒಂದೇ ದಿನ ತುಂಬಿ, ಆಮೇಲೆ ಬೋಲ್ಟ್ ಹಾಕಿ ಸೇರಿಸಿ" ಅಂದರು. ಗೈಡ್ ಹೇಳದ್ದನ್ನು ಅವರು ಅರ್ಧ ನಿಮಿಷದಲ್ಲಿ ಹೇಳಿದರು.

ಗ್ರೌಟಿಗೆ ಬೇರೆ ಕ್ಯೂಬ್ (ಒಡೆದು ಬಲ ನೋಡುವ ಎರಕದ ಘನ) ಹಾಕಿ, ಸ್ಲ್ಯಾಬಿನ ಕಾಂಕ್ರೀಟಿಗೆ ಬೇರೆ. ಟೆಸ್ಟ್ ದಿನವೇ ಎರಡನ್ನೂ ಒಡೆಯಿರಿ. ಕಾಂಕ್ರೀಟ್ ಅವತ್ತು ವಿನ್ಯಾಸದ ಬಲದ 70 ಪರ್ಸೆಂಟ್ ಆಸುಪಾಸು ಇರಬೇಕು ಅನ್ನುತ್ತದೆ ಕೋಡ್, ಹತ್ತು ಹೆಚ್ಚುಕಡಿಮೆ. ಇದನ್ನು ಬಹಳ ಜನ ಓದುವುದೇ ಇಲ್ಲ. ತಿಂಗಳುಗಟ್ಟಲೆ ಕ್ಯೂರಿಂಗ್ ಮಾಡಿ ಟೆಸ್ಟ್ ಮಾಡಿದರೆ ನಂಬರ್ ಚೆನ್ನಾಗಿ ಬರುತ್ತದೆ, ಆದರೆ ಸೈಟಿನ ಕಥೆ ಅದಲ್ಲ.

ಫ್ಲ್ಯಾಂಜಿಗೆ ಗ್ರೀಸ್ ಬಳಿಯಿರಿ. ಇಲ್ಲದಿದ್ದರೆ ಕಾಂಕ್ರೀಟಿನ ಅಂಟನ್ನೂ ಸ್ಟಡ್ ಲೆಕ್ಕಕ್ಕೆ ಸೇರಿಸಿದಂತೆ ಆಗುತ್ತದೆ. ಸ್ಲ್ಯಾಬಿನ ತಳಕ್ಕೆ ಪ್ಲಾಸ್ಟರ್ ಅಥವಾ ಗಾರೆ ಹಾಕಿ ಸಮ ಕೂರಿಸಿ. ಗ್ರೌಟ್ ತುಂಬುವ ಮೊದಲು ಪ್ರತಿ ಸ್ಟಡ್‌ಗೂ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಠಣ್ ಅಂದರೆ ಸರಿ. ದಬ್ ಅಂದರೆ ವೆಲ್ಡ್ ಅನುಮಾನ.

ಲೋಡ್ ಹಾಕುವ ಕ್ರಮ: ನಿರೀಕ್ಷಿತ ಲೋಡಿನ 5ರಿಂದ 40 ಪರ್ಸೆಂಟ್ ನಡುವೆ 25 ಸಲ ಏರಿಸಿ ಇಳಿಸಿ. ಆಮೇಲೆ ನಿಧಾನವಾಗಿ ಏರಿಸಿ, 15 ನಿಮಿಷಕ್ಕೆ ಮೊದಲೇ ಮುರಿಯಬಾರದು. ಗರಿಷ್ಠ ಲೋಡ್ ಬಂತು ಅಂತ ಸಂತೋಷಪಟ್ಟು ನಿಲ್ಲಿಸಬೇಡಿ. ಲೋಡ್ 20 ಪರ್ಸೆಂಟ್ ಇಳಿಯುವವರೆಗೆ ಸ್ಲಿಪ್ (ಸ್ಲ್ಯಾಬಿನ ಮೇಲೆ ಉಕ್ಕು ಜಾರಿದ ದೂರ) ಬರೆದುಕೊಳ್ಳುತ್ತಾ ಹೋಗಿ. ಯಾಕೆ ಅಂದರೆ, ಸಾಮಾನ್ಯ ಬೀಮ್‌ನಲ್ಲಿ ತುದಿಯ ಸ್ಟಡ್‌ಗಳು ಮಧ್ಯದವಕ್ಕಿಂತ ಜಾಸ್ತಿ ಜಾರುತ್ತವೆ. ಅವು ಬಾಗುತ್ತಾ ಲೋಡ್ ಹಿಡಿದುಕೊಂಡರೆ ಮಾತ್ರ ಉಳಿದವು ಪಾಲು ಹೊರುತ್ತವೆ. ಈ ಗುಣ ಇದೆ ಅನ್ನಲು ಸ್ಲಿಪ್ ಕನಿಷ್ಠ 6 ಮಿ.ಮೀ. ಬೇಕು, ಅದೂ ಮೂರು ಟೆಸ್ಟ್‌ಗಳಲ್ಲಿ ಕಡಿಮೆ ಬಂದದ್ದರಿಂದ ಇನ್ನೂ 10 ಪರ್ಸೆಂಟ್ ಕಳೆದ ಮೇಲೆ. ಸ್ಲ್ಯಾಬ್ ಫ್ಲ್ಯಾಂಜಿನಿಂದ ಹೊರಕ್ಕೆ ಸರಿಯುವುದನ್ನೂ ಅಳೆಯಿರಿ. ಗ್ರೌಟ್ ಪಾಕೆಟ್‌ನಿಂದ ಬಿಡಿಸಿಕೊಂಡರೆ ಅಲ್ಲೇ ಸುಳಿವು ಸಿಗುತ್ತದೆ.

ಮೂರು ಅಂದೆನಲ್ಲ, ಒಂದು ಸ್ಪೆಸಿಮೆನ್ ಸಾಕಾ ಅನ್ನುವ ನಿಮ್ಮ ಇನ್ನೊಂದು ಪ್ರಶ್ನೆಗೂ ಉತ್ತರ ಅದೇ. ಮೂರೂ ಸರಾಸರಿಯ 10 ಪರ್ಸೆಂಟ್ ಒಳಗೆ ಬಂದರೆ, ಕಡಿಮೆ ಬಂದ ಲೋಡಿನಲ್ಲಿ ಒಂದು ಸ್ಟಡ್‌ನ ಪಾಲಿನ 90 ಪರ್ಸೆಂಟ್ ನಿಮ್ಮ ಸ್ಟಡ್‌ನ ಬಲ. ಒಂದೇ ಮಾಡಿದರೆ ಸುಮ್ನೆ ಒಂದು ಅಂಕಿ ಸಿಗುತ್ತದೆ, ಅಷ್ಟೇ. ಕೈಲಾದರೆ ನಾಲ್ಕನೆಯದೊಂದು ಮಾಡಿ, ಮೊದಲನೆಯದನ್ನು ಕಲಿಕೆಗೆ ಬಲಿಕೊಡಿ.

ಟೆಸ್ಟ್ ಮುಗಿದ ಮೇಲೆ ಪಾಕೆಟ್ ಒಡೆದು ನೋಡದೆ ಬರಬೇಡಿ. ಸ್ಟಡ್ ವೆಲ್ಡಿನ ಉಬ್ಬಿನ ಸ್ವಲ್ಪ ಮೇಲೆ ಕತ್ತರಿಸಿಹೋಗಿ, ಅದರ ಮುಂದಿನ ಗ್ರೌಟ್ ಬೆಣೆಯಂತೆ ಪುಡಿಯಾಗಿದ್ದರೆ ಸ್ಟಡ್ ತನ್ನ ಕೆಲಸ ಮಾಡಿದೆ. ಬುಡಸಮೇತ ಕಿತ್ತುಬಂದಿದ್ದರೆ ತಪ್ಪು ವೆಲ್ಡಿನದು. ಆ ಸ್ಪೆಸಿಮೆನ್ ಲೆಕ್ಕಕ್ಕೆ ಹಿಡಿಯಬೇಡಿ. ನಿಮ್ಮ ಪಾಕೆಟ್ ಅಳತೆ ಮತ್ತು ಒಂದು ಪಾಕೆಟ್‌ನಲ್ಲಿ ಎಷ್ಟು ಸ್ಟಡ್ ಅನ್ನುವುದನ್ನು ಬರೆಯಿರಿ, ನೋಡಿ ಹೇಳುತ್ತೇನೆ.